ಬಾರದ ಜಡ್ಡಿನ ಗುಳಿಗೆ

ಕ್ಯಾನ್ಸರ್ ಎಂದು ಅವ್ವನ ಎಡಮೊಲೆ ತೆಗೆದ ದಿನವೇ ಡಾಕ್ಟರು ಆ ಜಾಗದಲ್ಲಿ ಸಿಲಿಕಾನಿನ ಹೊಸದೊಂದನ್ನು ಚರ್ಮದಡಿ ಕೂಡಿಸಿದ್ದರು. ಬೇಕೆಂದು ಹಟ ಹಿಡಿದವಳು ಅವ್ವನೇ. 'ಈ ವಯಸ್ಸಿನ್ಯಾಗ ಯಾರ್ ನೋಡ್ತಾರ?' ಎಂದ ಅಪ್ಪನಿಗೆ, 'ನಾ ನೋಡ್ಕೋತೀನಿ. ಜಳಕಾ ಮಾಡೂವಾಗ ಕಣ್ಣ ಮುಚ್ಕೊಂಡ ಕುಂಡ್ರಲ್ಯಾ?' ಎಂದಳು. ಅಪ್ಪ ಕರೆಂಟು ಹೋದ ಮಗ್ಗದಂತೆ ತುಸು ಅಲುಗಾಡಿ ನಿಂತ. ಓಣಿಯವರನ್ನೆಲ್ಲ ಅಣಕಿಸುವ ನಾನು ಅದನ್ನೂ ಅಣಕಿಸಬಲ್ಲೆ.

ನಮ್ಮೂರು ಬನಹಟ್ಟಿಗೆ ಕರೆತಂದಾಗ ಅವಳ ಪಕ್ಕೆಯಲ್ಲಿ ಗಾಯದ ನೀರು ಬಸಿಯುವ ನಳಿಕೆಯಿತ್ತು. ಮೈಸೂರು ಕಡೆಯ ಆ ಡಾಕ್ಟರು ಆಂಟಿಬಯಾಟಿಕ್ ಗುಳಿಗೆ ಕೊಟ್ಟು, 'ನೋಡೀಮ್ಮಾ, ಇದು ಇರೋ ಕಾಯ್ಲೆಗಲ್ಲ, ಸೋಂಕು ಬರ್ದೇ ಇರ್ಲಿ ಅಂತ. ಟ್ಯೂಬ್ ತೆಗೆಯೋವರ್ಗೂ ತಪ್ಪಿಸ್ಬೇಡಿ' ಎಂದಿದ್ದರು. ನಾನು ಕನ್ನಡಕ ಮೂಗಿನ ತುದಿಗಿಳಿಸಿ ದಿನಾ ಅವರದೇ ದನಿಯಲ್ಲಿ ಅದನ್ನೇ ಒದರುತ್ತಿದ್ದೆ. ನಕ್ಕರೆ ಅವ್ವನ ಹೊಲಿಗೆ ಜಗ್ಗುತ್ತಿತ್ತು. 'ಬಾಯ್ ಮುಚ್ಚಲೇ ಡಾಕ್ಟರಾ, ನುಂಗೇನಿ' ಎನ್ನುತ್ತಿದ್ದಳು. ನೀರಿನ ಲೋಟ ಖಾಲಿಯಾಗುತ್ತಿತ್ತು, ಗುಳಿಗೆಯ ಪಾಕೀಟೂ.

ಆಮೇಲೆ ಎದೆ ಕೆಂಪೇರಿತು, ಜ್ವರ ಬಂತು. ಜಮಖಂಡಿಯ ದವಾಖಾನೆಗೆ ಹೊರಡಬೇಕೆನ್ನುವಾಗ ಬಾಜೂಮನೆ ಕಾಕು ಬಿಸಿ ರೊಟ್ಟಿ ತಂದಳು. 'ನಿಮ್ಮವ್ವನ ಗುಳಿಗಿ ಭಾಳ ಛಲೋ ಅದಾವೋ. ನನ್ನ ಬೆನ್ನ ಮ್ಯಾಲಿನ ಕುರು ಆರೇ ಹೋತು ನೋಡು!'

ನಮ್ಮ ನೇಕಾರರ ಓಣಿಯಲ್ಲಿ ಮಗ್ಗ ನಿಲ್ಲಬಾರದು. ನೂಲು ಸುತ್ತಿದ ಕಂಡಿಕೆ ತೀರಿದರೆ ಗೋಡೆಯಾಚೆ ಕೈ ಚಾಚುತ್ತೇವೆ. ಯಾರ ಮಗ್ಗ ಖಾಲಿಯೋ ಅವರಿಗೆ ಮೊದಲು. ಅವ್ವ ಗುಳಿಗೆಗೂ ಅದೇ ಲೆಕ್ಕ ಹಚ್ಚಿದ್ದಳು.

ಕಾಕು ಹೋದಮೇಲೆ ನಾನು ಚೀರಿದೆ. ಅವ್ವ ಹಾಸಿಗೆಯಿಂದಲೇ, 'ಇದ್ಯಾರ ದನಿ ಮಾಡಾಕತ್ತೀಲೇ?' ಎಂದಳು. ಸದಾ ಅಣಕಿಸುವವನ ಸಿಟ್ಟನ್ನು ಹೆತ್ತವಳೂ ನಂಬುವುದಿಲ್ಲ.

'ನಂದ ಬೇ ಇದು, ನನ್ನ ದನಿ!'

'ಜಡ್ಡ ಆಕಿಗಿತ್ತಲ್ಲೋ. ನನಗಿನ್ನಾ ಬಂದಿರಲಿಲ್ಲ. ಆಕಿ ನರಳಾಡೂವಾಗ ಬರಲಾರದ ಜಡ್ಡಿಗೆ ನಾ ಹೆಂಗ ನುಂಗ್ಲಿ?'

ಅವಳನ್ನು ಎಬ್ಬಿಸಿ ಜಮಖಂಡಿಯ ಬಸ್ಸು ಹತ್ತಿಸಿದೆ. ಬಸ್ಸಿನಲ್ಲಿ ನನ್ನ ಭುಜಕ್ಕೆ ಒರಗಿದಳು, ಮೈ ಕೆಂಡವಾಗಿತ್ತು. ಪ್ರತಿ ಗುಂಡಿಗೂ ನರಳಿದಳು. ಆ ರಸ್ತೆಯಲ್ಲಿ ಎಷ್ಟು ಸಲ ಓಡಾಡಿದ್ದೆವೋ, ಗುಂಡಿಗಳೆಲ್ಲ ಪರಿಚಯದವೇ ಆಗಿದ್ದವು.

ವಾರಕ್ಕೊಮ್ಮೆ ಜಮಖಂಡಿಗೆ ಬರುತ್ತಿದ್ದ ಅದೇ ಡಾಕ್ಟರು ಮುಟ್ಟಿ ನೋಡಿದರು. ಅವ್ವ ಮುಚ್ಚಿಡದೆ ಎಲ್ಲ ಹೇಳಿದಳು. ಅವರು ಬೈಯಲಿಲ್ಲ.

'ಸರಿಯಾಗಿ ತಗೊಂಡೋರ್ಗೂ ಹೀಗಾಗುತ್ತಮ್ಮಾ. ಬಿಟ್ಟಿದ್ದಕ್ಕೇ ಆಯ್ತು ಅಂತ ನಾನು ಹೇಳಕ್ಕಾಗಲ್ಲ. ಆದ್ರೆ ಕೊಟ್ಟಿದ್ದು ನಿಮಗೆ.'

ಮೊದಲು ಸೂಜಿಯಲ್ಲಿ ಔಷಧ ಹಾಕಿದರು. ಜ್ವರ ಇಳಿಯಲಿಲ್ಲ. ಅವರ ದೊಡ್ಡ ಆಸ್ಪತ್ರೆಗೆ ಒಯ್ದು, ಎದೆಯಲ್ಲಿ ಕೂಡಿಸಿದ್ದನ್ನು ತೆಗೆದರು.

ಮನೆಗೆ ಬಂದ ದಿನ ಕಾಕು ಓಡಿ ಬಂದಳು. 'ಅಯ್ಯ, ಯಾಕ ತಗದ್ರವ್ವಾ?'

ನಾನು ಬಾಯಿ ತೆರೆದೆ. ಅವ್ವ ನನ್ನ ಕೈ ಬಿಗಿಯಾಗಿ ಹಿಡಿದಳು. 'ನನ್ನ ಮೈಗೆ ಹಿಡೀಲಿಲ್ಲಂತ, ಅಷ್ಟ. ನಿನ್ನ ಬೆನ್ನ ಹೆಂಗೈತಿ?'

ಕಾಕು ಕಣ್ಣೊರೆಸಿಕೊಳ್ಳುತ್ತ ಹೋದ ಮೇಲೆ ಅವ್ವ ಗೋಡೆಯತ್ತ ಹೊರಳಿದಳು.

'ಮತ್ತ ಕೂಡಸ್ತಾರಂತೇನು?'

'ಗಾಯ ಪೂರಾ ಮಾಯ್ದ ಮ್ಯಾಲೆ ನೋಡೂಣು ಅಂದಾರ.'

'ಆತು,' ಎಂದಳು. ನಿದ್ದೆ ಹತ್ತಿತೆಂದು ನಾನು ಏಳುವಾಗ, 'ಬ್ಯಾಡ ಅನಬ್ಯಾಡ ಡಾಕ್ಟರಿಗೆ,' ಎಂದಳು.