ಬೆಳಿಗ್ಗೆ ಆರರಿಂದ ಏಳೂವರೆ, ಕಿಟಕಿಯಲ್ಲಿ

ಮಾದಿಹಳ್ಳಿ ಡೈರಿಯ ಸೆಕ್ರೆಟರಿ ಉಮಾಶಂಕರ್ ಇಪ್ಪತ್ತಾರು ವರ್ಷ ಊರಿನವರ ಹಾಲಿಗೆ ಲ್ಯಾಕ್ಟೋಮೀಟರ್ ಇಳಿಬಿಟ್ಟು ನೋಡಿದವನು. ಡಿಗ್ರಿ ಬಂದರೆ ಹಾಲು ಕ್ಯಾನಿಗೆ, ಬರದಿದ್ದರೆ ಮನೆಗೆ. ದೂರದ ಸೋದರತ್ತೆ ಮುತ್ತಮ್ಮನ ಹಾಲಿನಲ್ಲಿ ನೀರು ಕಂಡಾಗಲೂ ಸಾಲಿನಲ್ಲಿ ನಿಂತವರ ಎದುರೇ ವಾಪಸ್ ಕಳಿಸಿದ್ದ. ಅದಾಗಿ ಹನ್ನೊಂದು ವರ್ಷ. ಮುತ್ತಮ್ಮ ಅದು ಯಾವ ವಾರ ಎಂಬುದನ್ನೂ ಮರೆತಿರಲಿಲ್ಲ.

ಸುಸ್ತು, ಒಸಡಿನಲ್ಲಿ ರಕ್ತ, ಕಾಲಿನ ಮೇಲೆ ಕೆಂಪು ಚುಕ್ಕೆ ಎಂದು ಅವನು ಹಾಸನಕ್ಕೆ ಹೋದ. ಅಲ್ಲಿಂದ ಬೆಂಗಳೂರಿಗೆ ಕಳಿಸಿದರು. ರಕ್ತದ ಕ್ಯಾನ್ಸರ್, ಬೇಗ ಬೆಳೆಯುವ ಜಾತಿಯದು ಎಂದರು.

"ಸ್ಯಾಂಪಲ್ ಅದಲುಬದಲಾಗಿರಬಹುದೇನ್ರೀ?" ಎಂದಳು ಹೆಂಡತಿ ಮೀನಾಕ್ಷಿ.

"ಡಿಗ್ರಿ ಬರದೋರೆಲ್ಲ ಹಂಗೇ ಕೇಳೋದು ಕಣೇ," ಎಂದ ಉಮಾಶಂಕರ್.

ಮೊದಲ ಸುತ್ತಿನ ಔಷಧ ಮುಗಿಸಿ ಮನೆಗೆ ಕಳಿಸುವಾಗ ಡಾಕ್ಟರು ಒಂದೇ ಮಾತು ಹೇಳಿದರು. ಮೈಯಲ್ಲಿ ತಡೆಯುವ ಶಕ್ತಿ ಇಲ್ಲ. ಸೋಂಕು ತಗಲಿ ಜ್ವರ ಬಂದರೆ ಎರಡನೇ ಸುತ್ತು ಮುಂದಕ್ಕೆ ಹೋಗುತ್ತದೆ, ಮುಂದಕ್ಕೆ ಹೋದರೆ ರೋಗ ಕಾಯುವುದಿಲ್ಲ. ಯಾರನ್ನೂ ಹತ್ತಿರ ಬಿಟ್ಟುಕೊಳ್ಳಬೇಡಿ.

ಊರಿನಲ್ಲಿ ಕಾಯಿಲೆಯವರನ್ನು ನೋಡಲು ಹೋಗದಿದ್ದವರು ಮುಂದೆ ತಿಥಿಗೂ ತಲೆಯೆತ್ತಿ ಹೋಗುವಂತಿಲ್ಲ. ನೋಡುವುದೆಂದರೆ ಬ್ರೆಡ್ಡು, ಕಿತ್ತಳೆ ಹಿಡಿದು ಬಂದು, ಮಂಚದ ಅಂಚಿನಲ್ಲಿ ಕೂತು, ಕೈ ಹಿಡಿದುಕೊಂಡು, ಇದೇ ಕಾಯಿಲೆಯಲ್ಲಿ ಸತ್ತ ಇಬ್ಬರು ಮೂವರ ಹೆಸರು ಹೇಳುವುದು. ಮೊದಲ ದಿನವೇ ಹದಿನಾಲ್ಕು ಜನ ಬಂದರು. ಮರುದಿನ ಜಾವಗಲ್ ಕಡೆಯ ನೆಂಟರು ಟೆಂಪೋ ಮಾಡಿಕೊಂಡು ಹೊರಡುತ್ತಾರೆಂದು ಫೋನ್ ಬಂತು.

ಉಮಾಶಂಕರ್ ಬಾಗಿಲಿಗೆ ಚಿಲಕ ಹಾಕಿಸಿದ. ಮಂಚವನ್ನು ಕಿಟಕಿಯ ಬಳಿಗೆ ಎಳೆಸಿದ. ಹಳೆಯ ಕ್ಯಾಲೆಂಡರಿನ ಬೆನ್ನಿಗೆ ಬರೆದು ಅಂಟಿಸಿದ: ಬೆಳಿಗ್ಗೆ ಆರರಿಂದ ಏಳೂವರೆ, ಕಿಟಕಿಯಲ್ಲಿ, ಒಬ್ಬೊಬ್ಬರಾಗಿ. ಅದು ಡೈರಿಯ ಹೊತ್ತು. ಜನ ಹಾಲು ಹಾಕಿ, ಖಾಲಿ ಕ್ಯಾನ್ ಹಿಡಿದು ಇಲ್ಲಿ ಇನ್ನೊಂದು ಸಾಲು ನಿಂತರು. ಗಾಜು ಮುಚ್ಚಿದ್ದರಿಂದ ಕೂಗಿ ಮಾತಾಡಬೇಕಿತ್ತು. ಹಿಂದಿದ್ದವರಿಗೂ ಉತ್ತರ ಕೇಳಿಸುತ್ತಿದ್ದುದರಿಂದ ಸಾಲು ಬೇಗ ಸಾಗುತ್ತಿತ್ತು.

ಮುತ್ತಮ್ಮ ಸಾಲಿಗೆ ನಿಲ್ಲಲಿಲ್ಲ. ಎಳನೀರು ಹಿಡಿದು ಬಂದು ಬಾಗಿಲು ಬಡಿದಳು.

"ಏನ್ಲಾ, ಅವತ್ತು ನನ್ನ ಹಾಲು ವಾಪಸ್ ಕಳಿಸ್ದೆ. ಇವತ್ತು ನನ್ನೇ ಕಳಿಸ್ತೀಯಾ?"

"ಜ್ವರ ಬಂದ್ರೆ ಔಷಧಿ ನಿಲ್ಲಿಸ್ತಾರೆ ಕಣತ್ತೆ. ಕಿಟಕಿಗೆ ಬಾ."

"ಕಿಟಕೀಲಿ ನೋಡಕ್ಕೆ ನೀನೇನು ಪೋಸ್ಟಾಫೀಸಾ?"

ಸಾಲಿನವರು ನಕ್ಕರು. ಅವಳು ಎಳನೀರನ್ನು ಜಗಲಿಯ ಮೇಲಿಟ್ಟು ಹೋದವಳು ಮತ್ತೆ ಬರಲಿಲ್ಲ.

ಜ್ವರವೂ ಬರಲಿಲ್ಲ. ಎರಡನೇ ಸುತ್ತು ಆಯಿತು, ಮೂರನೆಯದೂ ಆಯಿತು. ಐದನೇ ತಿಂಗಳು ರೋಗ ಮರಳಿತು. ಯಾರ ಕೈಯಿಂದಲೂ ಬಂದದ್ದಲ್ಲ, ಒಳಗಿನಿಂದಲೇ. ಇನ್ನು ಕೊಡುವಂಥ ಔಷಧ ಇಲ್ಲ ಎಂದು ಡಾಕ್ಟರು ಕುರ್ಚಿ ಎಳೆದು ಕೂತು ಹೇಳಿದರು.

ಉಮಾಶಂಕರ್ ಕೇಳಿದ, "ಹಂಗಾದ್ರೆ ಬಾಗಿಲು ತೆಗೀಬೋದಾ ಸಾರ್?"

ಡಾಕ್ಟರಿಗೆ ಅರ್ಥವಾಗಲಿಲ್ಲ. ಮೀನಾಕ್ಷಿಗೆ ಆಯಿತು. ಅವಳು ಎದ್ದು ಹೊರಗೆ ಹೋದಳು.

ಊರಿಗೆ ಬಂದ ಮರುದಿನ ಬೆಳಿಗ್ಗೆ ಆರಕ್ಕೆ ಬಾಗಿಲು ತೆರೆಸಿದ. ಜನ ಬಂದರು, ಬಂದು ಕಿಟಕಿಯ ಮುಂದೆಯೇ ಸಾಲು ನಿಂತರು. "ಒಳಗೆ ಬರ್ರೋ, ರೂಲ್ಸ್ ತೆಗ್ದಿದೀನಿ," ಎಂದು ಕೂಗಿದ. ತೆಗೆದದ್ದು ಏಕೆಂದು ಎಲ್ಲರಿಗೂ ಗೊತ್ತಿತ್ತು. ಒಬ್ಬರೂ ಅಲುಗಲಿಲ್ಲ.

ಆಗ ಮುತ್ತಮ್ಮ ಬಂದಳು. ಸಾಲಿನ ಕಡೆ ನೋಡದೆ ನೇರ ಒಳಗೆ ನಡೆದು, ಮಂಚದ ಅಂಚಿನಲ್ಲಿ ಕೂತು, ಅವನ ಕೈ ಹಿಡಿದುಕೊಂಡಳು. ಇನ್ನೊಂದು ಕೈಯಲ್ಲಿ ಕೆತ್ತಿದ ಎಳನೀರಿತ್ತು.

"ನೋಡ್ಕೊಳ್ಳಾ, ಇದು ಪೂರಾ ನೀರೇ. ವಾಪಸ್ ಕಳಿಸ್ತೀಯೇನು?"

ಅವಳೇ ಹಿಡಿದು ಕುಡಿಸಿದಳು. ಅರ್ಧ ಅಂಗಿಯ ಮೇಲೆ ಚೆಲ್ಲಿತು. ಉಮಾಶಂಕರ್ ಬಾಯಿ ಒರೆಸಿಕೊಂಡ.

"ಡಿಗ್ರಿ ಬಂದೈತೆ ಕಣತ್ತೆ."

ಹೊರಗೆ ಒಬ್ಬೊಬ್ಬರೇ ಚಪ್ಪಲಿ ಬಿಡತೊಡಗಿದರು. ಆಮೇಲೆ ಅವನಿದ್ದ ಒಂಬತ್ತು ದಿನವೂ ಆ ಬಾಗಿಲು ಹಾಕಲಿಲ್ಲ.