ರೈಟ್ ರೈಟ್ ರಾಚಪ್ಪ

ಕೋಮಲಳ ಗಂಡನ ಚಿಕ್ಕಪ್ಪ ರಾಚಪ್ಪ ಕೊಳ್ಳೇಗಾಲ–ಹನೂರು ಬಸ್ಸಿನಲ್ಲಿ ಮೂವತ್ತು ವರ್ಷ ಕಂಡಕ್ಟರಾಗಿದ್ದವನು. ಕೆಲಸ ಹೋದರೂ, ಬಸ್ಸು ಮುಂದೆ ಬಿಡಲು ರೈಟ್ ಹೇಳುವ ಚಟ ಹೋಗಲಿಲ್ಲ. ನೆಂಟರಲ್ಲಿ ಯಾರಿಗಾದರೂ ಬಾಯಿಯಲ್ಲೋ ಗಂಟಲಲ್ಲೋ ಕ್ಯಾನ್ಸರ್ ಎಂದು ಕಿವಿಗೆ ಬಿದ್ದರೆ ಸಾಕು, ಹಳೆಯ ಟಿಕೆಟ್ ಬ್ಯಾಗನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಈ ಮಹಾನುಭಾವ ಹಾಜರ್. ರೋಗಿಯ ಫೈಲು ಆ ಬ್ಯಾಗಿಗೆ, ರೋಗಿಯ ಮಾತು ಇವನ ಬಾಯಿಗೆ. ಡಾಕ್ಟರು ನಾಲ್ಕನೇ ಸ್ಟೇಜ್ ಎಂದರೆ, ಅದನ್ನು ತನ್ನ ಬಸ್ಸಿನ ಟಿಕೆಟ್ ಸ್ಟೇಜಿನ ಲೆಕ್ಕಕ್ಕೆ ಹಿಡಿದು, "ನಾಕೇ ಸ್ಟೇಜಾ ಸಾ? ಅಂಗಾದ್ರೆ ಇನ್ನೂ ಕಾಮಗೆರೆ. ಅನೂರು ಬಲು ದೂರ ಐತೆ" ಎಂದು ರೋಗಿಗೆ ಧೈರ್ಯ ತುಂಬುತ್ತಾನೆ. ಆಪರೇಷನ್ನೋ, ರೇಡಿಯೇಷನ್ ಎಂಬ ಕರೆಂಟ್ ಕೊಡಿಸುವುದೋ, ಬರೀ ನೋವಿನ ಔಷಧಿ ತೆಗೆದುಕೊಂಡು ಮನೆಯಲ್ಲಿರುವುದೋ, ರೋಗಿಯೇ ಯೋಚಿಸಿ ಹೇಳಲಿ ಎಂದು ಡಾಕ್ಟರು ಮುಗಿಸುವಷ್ಟರಲ್ಲಿ, "ಎಲ್ಲಾನೂವೆ ಕೊಟ್ಬುಡಿ ಸಾ, ರೈಟ್ ರೈಟ್!" ಎಂದು ಬಸ್ಸಿನ ತಗಡು ಬಡಿದಂತೆ ಮೇಜು ಬಡಿದಿರುತ್ತಾನೆ. ಮೊನ್ನೆ ದವಡೆ ಊದಿದ ಚಿಕ್ಕಬಸಮ್ಮ, ಮನೆಗೆ ಹೋಗೋಣವೆಂದು ಸೊಸೆ ಕೋಮಲಳ ಸೆರಗು ಜಗ್ಗುತ್ತಿದ್ದಾಗಲೂ ಅದನ್ನೇ ಮಾಡಿದ. ಕೋಮಲಳಿಗೆ ರೇಗಿಹೋಯಿತು. "ನಮ್ಮತ್ತೆ ಬಾಯಿ ನಿಮ್ ಬಸ್ಸಲ್ಲ, ಚಿಕ್ಕಮಾವ. ನಿಮ್ಮೆಂಡ್ರು ಚಿಕ್ಕತ್ತೆ ಸಾಯೋಗಂಟ ಇದೇ ಕಾಯ್ಲೇಲಿ ನರಳುದ್ರಲ್ಲ, ಅವ್ರನ್ನಾದ್ರೂ ಒಂದ್ ಮಾತು ಕೇಳುದ್ರಾ?" ರಾಚಪ್ಪ ಬ್ಯಾಗಿನ ಬಕಲನ್ನು ಹಾಕಿದ, ತೆಗೆದ, ಮತ್ತೆ ಹಾಕಿದ. "ಕೇಳ್ನಿಲ್ಲ ಕಣವ್ವ. ಅವ್ಳೇ ಯೋಳುದ್ಲು, ಸಾಕು, ಇಲ್ಲೇ ಇಳಿಸ್ಬುಡಿ ಅಂತ. ನಾನೇ ನಿಲ್ಲುಸ್ದೆ ರೈಟ್ ಅಂದ್ಬುಟ್ಟೆ."