ಎಡಗೈ ಅಕ್ಕ ಬಡಿಸಿದ ಅಣಬೆ

ಅಣಬೆ ಆಯುವವರ ನಡುವೆ ಅವಳಿಗೆ ಎಡಗೈ ಅಕ್ಕ ಅಂತಲೇ ಹೆಸರು. ಚಾಕು ಹಿಡಿಯುವುದೂ ಎಡಗೈ, ಹೊಡೆಯುವುದೂ ಎಡಗೈ. ಅಣಬೆ ಕಂಟ್ರಾಕ್ಟರನ ಮೇಸ್ತ್ರಿಯ ಕೆನ್ನೆಗೆ ಅದು ಚೆನ್ನಾಗಿ ಗೊತ್ತು.

ಗುಡ್ಡದ ಹಳೇ ಮರಗಳ ಬೇರಿಗೆ ಅಂಟಿಕೊಂಡು ಬಾಳುವ ಆ ಕೆಂಚು ಅಣಬೆ ಬೇರೆಲ್ಲೂ ಏಳುವುದಿಲ್ಲ. ಎಷ್ಟು ತಿಣುಕಿದರೂ ಶೆಡ್ಡಿನಲ್ಲಿ ಬೆಳೆಯುವುದಿಲ್ಲ. ಕಂಟ್ರಾಕ್ಟರನ ಆಳುಗಳು ಕಬ್ಬಿಣದ ಹಲ್ಲಿನ ಕೋಲಿನಿಂದ ನೆಲವನ್ನೇ ಬಾಚಿ, ಕಣ್ಣು ಬಿಡದ ಮೊಗ್ಗನ್ನೂ ಕಿತ್ತು ಒಯ್ಯುತ್ತಿದ್ದಾಗ ಅಕ್ಕ ಅವರ ಲಾರಿಗೆ ಅಡ್ಡ ಮಲಗಿದಳು. ತನ್ನವರಿಗೂ ಸಡಿಲ ಬಿಡಲಿಲ್ಲ. ಚಾಕುವಿನಲ್ಲಿ ಕೊಯ್ಯಬೇಕು, ಕೀಳಬಾರದು. ಕೊಯ್ದ ಜಾಗಕ್ಕೆ ತರಗೆಲೆ ಮುಚ್ಚಬೇಕು. ಕೊಡೆ ಪೂರ್ತಿ ಬಿಚ್ಚಿದ ಮುದಿ ಅಣಬೆಯನ್ನು ಮುಟ್ಟಲೇಬಾರದು, ಅದು ಬೀಜದ ಪುಡಿ ಉದುರಿಸಬೇಕು. ಮುದಿಯದ್ದು ಕೊಯ್ದಳೆಂದು ಸ್ವಂತ ಅತ್ತಿಗೆಯ ಬುಟ್ಟಿಯನ್ನೇ ಎಲ್ಲರೆದುರು ಬೋರಲು ಹಾಕಿದ್ದಳು.

ಕೊನೆಗೆ, ಕಂಟ್ರಾಕ್ಟರನನ್ನು ತೆಗೆಯಿರೆಂದು ಆಯುವವರು ಅರಣ್ಯ ಇಲಾಖೆಗೆ ಕೊಟ್ಟಿದ್ದ ಅರ್ಜಿಗೆ ಜೀವ ಬಂತು. ಗುಡ್ಡ ನೋಡಲು ಅರಣ್ಯದ ಸಾಹೇಬರು ಬರುವುದಾಯಿತು. ಆಯುವವರು ಕಾಪಾಡಿದ ಅಣಬೆ ಅವರ ಕಣ್ಣಿಗೆ ಬಿದ್ದರೆ ಕಂಟ್ರಾಕ್ಟರ್ ಹೊರಗೆ. ಬೀಳದಿದ್ದರೆ ಗುಡ್ಡ ಅವನ ಪಾಲು.

ಸಾಹೇಬರು ಬರುವ ದಿನ ಬೆಳಗ್ಗೆ ಅಕ್ಕನ ತಲೆಗೆ ಹುಳ ಹೊಕ್ಕಿತು. ಬರೀ ನೋಡಿದರೆ ಸಾಹೇಬರಿಗೆ ಏನು ತಿಳಿದೀತು, ತಿಂದರೆ ತಾನೇ ಬೆಲೆ ಗೊತ್ತಾಗುವುದು! ದೊಡ್ಡ ಮರದ ಬುಡದಲ್ಲಿ ಇದ್ದಷ್ಟನ್ನೂ ಕೊಯ್ದಳು. ಮುದಿಯವನ್ನೂ ಬಿಡಲಿಲ್ಲ. ತೋರಿಸಲು ಗುಡ್ಡದ ಮೇಲಿನ ಮರಗಳ ಸಾಲಿನಲ್ಲಿ ಬೇಕಾದಷ್ಟಿವೆ ಅಂದುಕೊಂಡಳು. ಈ ವರ್ಷ ಅಲ್ಲಿಗೆ ಯಾರೂ ಕಾಲಿಡಬಾರದೆಂದು ಅವಳೇ ಕಟ್ಟು ಹಾಕಿದ್ದರಿಂದ, ಅವಳೂ ಹೋಗಿ ನೋಡಿರಲಿಲ್ಲ.

ಉಳಿದವರು ಗುಡ್ಡದ ಬುಡದಲ್ಲಿ ಕಾಯುತ್ತಿರುವಾಗ, ತಮ್ಮ ಶೆಡ್ಡಿನಲ್ಲಿ ಅವನ್ನು ಈರುಳ್ಳಿ ಮೆಣಸು ಹಾಕಿ ಹುರಿದು, ಬಂದಿಳಿದ ಸಾಹೇಬರಿಗೆ ಬಡಿಸಿದಳು. ಸಾಹೇಬರು ತಟ್ಟೆ ಬಳಿದು ತಿಂದರು.

"ಇಂಥದ್ದು ತಿಂದೇ ಇರ್ಲಿಲ್ಲಮ್ಮ. ನಡೀರಿ, ಏಳೋ ಜಾಗ ತೋರ್ಸಿ."

ಮೇಲಿನ ಸಾಲಿನಲ್ಲಿ ಒಂದೂ ಎದ್ದಿರಲಿಲ್ಲ. ಹಿಂದೆ ಬಾಚಿಸಿಕೊಂಡ ನೆಲ ಬರಡಾಗಿತ್ತು. ಎಲ್ಲರೂ ದೊಡ್ಡ ಮರದ ಬುಡಕ್ಕೆ ಇಳಿದು ಬಂದರು. ಆಯುವವರಲ್ಲಿ ಬುಟ್ಟಿ ಹೆಣೆಯುವ ಮಾವ ತರಗೆಲೆ ಸರಿಸಿದ. ಬರೀ ಮೋಟು ಕಾಂಡಗಳು, ಒಂದೊಂದರ ಕೊಯ್ತವೂ ಎಡಗೈ ಓರೆಯದ್ದು. ಅವನು ಅಕ್ಕನ ಮುಖ ನೋಡಿದ, ತರಗೆಲೆ ಎಳೆದು ಮುಚ್ಚಿದ.

"ಕಂಟ್ರಾಕ್ಟರ್ ಕಡೆಯವರ ಕೆಲ್ಸ ಸಾರ್, ಇನ್ಯಾರದ್ದು."

ಸಾಹೇಬರು ಪೆನ್ನು ತೆಗೆದರು. ಮೋಟುಗಳೇ ಕಂಟ್ರಾಕ್ಟರನ ಲೂಟಿಗೆ ಸಾಕ್ಷಿ, ಅಕ್ಕ ಬಾಯಿ ಮುಚ್ಚಿಕೊಂಡಿದ್ದರೆ ಗೆದ್ದಂತೆಯೇ. ಮುಚ್ಚಿಕೊಂಡೇ ನಿಂತಳು ಕೂಡ. ಅತ್ತಿಗೆ ಮಾತ್ರ ಅವಳನ್ನೇ ನೋಡುತ್ತಿದ್ದಳು. ಬೈಯಲಿಲ್ಲ, ನಗಲೂ ಇಲ್ಲ. ಅಕ್ಕನ ಕಿವಿ ಕೆಂಡವಾಯಿತು.

"ನಾನೇ ಕೊಯ್ದದ್ದು ಸಾರ್. ನಿಮ್ಮ ಹೊಟ್ಟೇಲಿದಾವೆ."

ಸಾಹೇಬರ ಕೈ ಹೊಟ್ಟೆಗೆ ಹೋಯಿತು.

"ಬೇಲೀನೇ ಎದ್ದು ಹೊಲ ಮೇಯ್ತಲ್ಲಮ್ಮ. ಹಂಗಾದ್ರೆ ಅವನಿಗೂ ಬೇಡ, ನಿಮಗೂ ಬೇಡ. ಇಲ್ಲಿ ಯಾರೂ ಕಾಲಿಡಂಗಿಲ್ಲ."

ಹಾಗೇ ಬರೆದುಕೊಂಡು ಹೋದರು. ಅಣಬೆ ಬದುಕಿಕೊಂಡಿತು. ಆಯುವವರ ಹೊಟ್ಟೆಪಾಡಿಗೆ ಕಲ್ಲು ಬಿತ್ತು.

ಇಳಿಯುವಾಗ ಯಾರೂ ಅವಳ ಪಕ್ಕ ನಡೆಯಲಿಲ್ಲ. ಶೆಡ್ಡಿನಲ್ಲಿ ಸಾಹೇಬರ ತಟ್ಟೆ, ಬಾಣಲೆ ಹಾಗೇ ಬಿದ್ದಿದ್ದವು.

"ನನ್ನ ಬುಟ್ಟೀಲಿ ಅವತ್ತು ಮುದಿಯದ್ದು ಒಂದೇ ಒಂದಿತ್ತು ಕಣೇ," ಅಂದಳು ಅತ್ತಿಗೆ. "ಪಾತ್ರೆ ನೀನೇ ತಿಕ್ಕು."

ಅಕ್ಕ ತಿಕ್ಕಿದಳು. ಬಾಣಲೆಯ ತಳಕ್ಕೆ ಒಂದು ಚೂರು ಅಂಟಿತ್ತು. ಅದನ್ನು ಬಾಯಿಗೆ ಹಾಕಿಕೊಳ್ಳಲೂ ಆಗಲಿಲ್ಲ, ಚೆಲ್ಲಲೂ ಆಗಲಿಲ್ಲ.